ಗಂಟುನೊಣವೂ ಕಾಂಗ್ರೆಸ್ ಗಿಡವೂ

ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ ನೊಣದ ವಿಷಯದಲ್ಲಿ ಯಾರಿಗೂ ಒಳ್ಳೆಯ ಅಭಿಪ್ರಾಯವಿಲ್ಲ. ಎಲಚಿಹಣ್ಣನ್ನು ಸೀಳಿದರೆ ಒಳಗೆ ಹುಳು. ಹೀರೆ, ಹಾಗಲಗಳು ಎಳೆಯದರಲ್ಲಿಯೇ ಕೊಳೆತು ಉದುರುವುವು. ಇವೆರಡೂ ಹಣ್ಣುನೊಣಗಳ ಕೆಲಸವೇ ಸರಿ. ರೇಷ್ಮೆಹುಳು ಸಾಕುವವರಿಗಾದರೋ 1980ರಲ್ಲಿ ಪಶ್ಚಿಮ ಬಂಗಾಳದಿಂದ ಗೂಡಿನ ಸಂಗಡ ಈ ರಾಜ್ಯವನ್ನು ಹೊಕ್ಕ ಊಜಿಯ ಹೆಸರೆತ್ತಿದರೆ ಸಾಕು. ಊಜಿಯ ವಂಶ ಬೇರೆ. ಆದರೆ ಹಣ್ಣುನೊಣಗಳ ಕುಟುಂಬದಲ್ಲಿಯೇ ಹಣ್ಣಿನ ಗೊಡವೆಗೆ ಹೋಗದೆ, ಕಳೆಗಿಡದ ಕಾಂಡದಲ್ಲಿ ಗಂಟು ಮಾಡಿಕೊಂಡು ಬಾಳುವ ಕೆಲವು ಜಾತಿಗಳುಂಟೆಂಬುದನ್ನು ಬಲ್ಲವರು ಕಡಮೆ.

ಹೊಂಗೆಯ ಎಲೆಯ ಮೇಲೆ ಏಳುವ ಗುಳ್ಳೆಗಳನ್ನು ನೋಡದ ರೈತನಿಲ್ಲ. ಅವು ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಯಿಂದಾದವು. ಗಂಟುನೊಣದ ರೀತಿಯೂ ಹೆಚ್ಚುಕಡಮೆ ಹಾಗೆಯೇ. ಹೆಣ್ಣುನೊಣವು ಗಿಡದ ಕುಡಿಯಲ್ಲಿ ಮೊಟ್ಟೆಯಿಡುವುದು. ಮರಿಹುಳು ಕಾಂಡವನ್ನು ಕೊರೆದು ಒಳಸೇರಿದೊಡನೆ ಗಿಡವು ಆ ಸ್ಥಳದಲ್ಲಿ ಊದಿ ಗಂಟಾಗುವುದು. ಗಿಡವು ಹೂವಿಗೂ ಬೀಜಕ್ಕೂ ಕೂಡಿಡಬೇಕಾದ ಸಾರವೆಲ್ಲ ಆ ಗಂಟಿನ ಪಾಲು. ನೊಣಕ್ಕೆ ಕಡಿಯುವ ಬಾಯಿಲ್ಲ. ಆದುದರಿಂದ ಹುಳುವು ಕೋಶವಾಗುವುದಕ್ಕೆ ಮುಂಚೆಯೇ ಗಂಟಿನ ಗೋಡೆಯನ್ನು ಕೊರೆದು, ಹೊರಗಿನ ತೆಳುಸಿಪ್ಪೆಯನ್ನು ಮಾತ್ರ ಕಿಟಕಿಯಂತೆ ಉಳಿಸಿಟ್ಟಿರುವುದು. ಮುಂದೆ ನೊಣವು ಅದನ್ನು ತಳ್ಳಿಕೊಂಡು ಹೊರಬರುವುದು.

ಪ್ರೊಸೆಸಿಡೋಕೇರಿಸ್ ಎಂಬ ಪಂಗಡದ ಇಂತಹ ಒಂದು ನೊಣವನ್ನು ಮೆಕ್ಸಿಕೋ ದೇಶದಿಂದ 1945ರಲ್ಲಿ ಹವಾಯಿ ದ್ವೀಪಗಳಿಗೆ ಒಯ್ದರು. ಅಲ್ಲಿಂದ ಆಸ್ಟ್ರೇಲಿಯ, ನ್ಯೂಜಿಲೆಂಡ್‌ಗಳನ್ನು ಹಾಯ್ದು 1963ರಲ್ಲಿ ಅದು ಭಾರತಕ್ಕೆ ಬಂದಿತು. ನೀಲಗಿರಿಯ ಯುಪಟೋರಿಯಂ ಕಳೆಯ ಮೇಲೆ ಅದನ್ನು ಬಿಟ್ಟರು. ನೊಣವು ನೆಲೆಯೂರಿತು, ನಿಜ. ಆದರೆ ಇಲ್ಲಿನ ಪರೋಪಜೀವಿ ಕಣಜಗಳು ಅದರ ಹುಳುವನ್ನೇ ಹುಡುಕಿ ತಿನ್ನತೊಡಗಿದ್ದರಿಂದ ಎಣಿಸಿದಷ್ಟು ಫಲ ಕಾಣಲಿಲ್ಲ. ಇದಕ್ಕೆ ಹತ್ತಿರದ ಸೆಸಿಡೋಕೇರಿಸ್ ಎಂಬ ಇನ್ನೊಂದು ನೊಣವನ್ನು ಇಂಡೋನೇಷ್ಯದಿಂದ ತರಿಸಿ, ಪರೀಕ್ಷೆ ನಡೆಸಿ, 2005ರಲ್ಲಿ ಬೆಂಗಳೂರಿನಲ್ಲಿ ಬಿಡಲಾಯಿತು. ಇದರ ಆಹಾರ ಮಲೆನಾಡನ್ನೂ ಕರಾವಳಿಯನ್ನೂ ಮುತ್ತಿರುವ ಕ್ರೋಮೋಲೀನ ಕಳೆ.

ಇದನ್ನು ಕೇಳಿದ ಹಿಡುವಳಿದಾರರು, ಆ ನೊಣವನ್ನೇ ಈ ಬಯಲುಸೀಮೆಗೂ ಕಳುಹಿಸಿದರೆ ಕಾಂಗ್ರೆಸ್ ಗಿಡದ ಪೀಡೆ ತೊಲಗೀತೆಂದು ಆಸೆಪಟ್ಟರೆ ಆಶ್ಚರ್ಯವಿಲ್ಲ. ಆ ಆಸೆ ವ್ಯರ್ಥ. ಗಂಟುನೊಣವು ತನಗೆ ಗೊತ್ತಾದ ಒಂದೆರಡು ಗಿಡಗಳನ್ನು ಬಿಟ್ಟು ಬೇರೊಂದನ್ನು ಮುಟ್ಟದು, ಮುಟ್ಟದಿರುವುದೇ ಕ್ಷೇಮ. ಏಕೆಂದರೆ ಕಾಂಗ್ರೆಸ್ ಗಿಡ, ಯುಪಟೋರಿಯಂ, ಸೂರ್ಯಕಾಂತಿ, ಕುಸುಬೆ, ಹುಚ್ಚೆಳ್ಳು ಇವೆಲ್ಲ ಒಂದೇ ಕುಟುಂಬದವು. ಕಾಂಗ್ರೆಸ್ ಗಿಡದ ಕಾಂಡದಲ್ಲಿ ಗಂಟು ಮಾಡುವ ಒಂದು ಪತಂಗವನ್ನು 1985ರಲ್ಲಿ ಹೊರದೇಶದಿಂದ ತರಿಸಿದ್ದುಂಟು. ಪರೀಕ್ಷೆಯಲ್ಲಿ ಅದು ಹುಚ್ಚೆಳ್ಳಿನ ಮೇಲೂ ವಂಶ ಬೆಳೆಸಿತು. ಕೂಡಲೇ ಆ ಸಂತಾನವನ್ನೆಲ್ಲ ನಾಶಮಾಡಿದರು. ವಿಜ್ಞಾನಿಗಳು ನಿಧಾನಸ್ಥರೆಂದು ಆಕ್ಷೇಪಿಸುವವರು ಈ ಒಂದು ಸಂಗತಿಯನ್ನು ಮರೆಯಬಾರದು. 1984ರಲ್ಲಿ ಬಿಟ್ಟ ಮೆಕ್ಸಿಕೋದ ಜೀರುಂಡೆಯು ಕಾಂಗ್ರೆಸ್ ಗಿಡದ ಎಲೆಯನ್ನು ಚೆನ್ನಾಗಿಯೇ ಮೇಯುವುದು. ಆದರೆ ಅದು ಬೇಸಗೆಯನ್ನು ಮಣ್ಣಿನೊಳಗೆ ಕಳೆದು, ಮಳೆ ಬಿದ್ದ ಮೇಲೆ ಏಳತಕ್ಕದ್ದು. ರಾಜ್ಯದಲ್ಲಿ ಅತಿ ಕಡಮೆ ಮಳೆ ಬೀಳುವ ತಾಲ್ಲೂಕುಗಳ ಸಾಲಿಗೆ ಸೇರಿದ ಚಳ್ಳಕೆರೆಯಲ್ಲಿ ಅದರ ದಾರಿ ಕಾಯುತ್ತ ಕುಳಿತರೆ ಕಳೆಯು ಅಷ್ಟರೊಳಗೆ ಹೂ ಬಿಟ್ಟು ಬೀಜ ಚೆಲ್ಲಿರುವುದು.

ಕಾಯುವುದರಿಂದ ಆಗುವ ನಷ್ಟವು ಬರಿಯ ಮೈತುರಿಕೆ, ಉಬ್ಬಸಗಳಲ್ಲಿ ಮುಗಿಯುವುದಿಲ್ಲ. 2000ದ ಮುಂಗಾರಿನಲ್ಲಿ ಮೊಳಕಾಲ್ಮೂರಿನ ನೆರೆಯ ಅನಂತಪುರ ಜಿಲ್ಲೆಯಲ್ಲಿ ಶೇಂಗಾ ಪೈರು ಕುಡಿಯಿಂದ ಒಣಗಿ ಸಾಯಹತ್ತಿತು. ಸುಮಾರು 2,25,000 ಹೆಕ್ಟೇರಿನ ಬೆಳೆ ಹಾಳಾಗಿ, ನಷ್ಟವು 300 ಕೋಟಿ ರೂಪಾಯಿಗಳನ್ನು ಮೀರಿತೆಂದು ಅಂದಾಜು ಮಾಡಲಾಯಿತು. ಕಾರಣವು ಒಂದು ನಂಜುರೋಗ. ಅದು ಅಡಗಿದ್ದುದು ಕಾಂಗ್ರೆಸ್ ಗಿಡದಲ್ಲಿ. ಗಿಡವು ನೋಡುವುದಕ್ಕೆ ಹಸಿರಾಗಿಯೇ ಇರುವುದು. ಅದರ ಹೂವಿನ ಪರಾಗದೊಡನೆ ನಂಜು ಹೊರಡುವುದು. ಥ್ರಿಪ್ಸ್ ನುಸಿಗಳು ಆ ಪರಾಗವನ್ನು ಮೈಮೇಲೆ ಹೊತ್ತು ಶೇಂಗಾ ಎಲೆಯನ್ನು ಕೆರೆಯುವಾಗ ಆ ಗಾಯದ ಮೂಲಕ ನಂಜು ಒಳಹೋಗುವುದು. 1997ರಲ್ಲಿ ಬಾಗೇಪಲ್ಲಿಯ ಕಡೆ ಸೂರ್ಯಕಾಂತಿಯಲ್ಲಿ ಕಾಣಿಸಿದ ರೋಗವೂ ಈ ಬಗೆಯದೇ. ಶೇಂಗಾವನ್ನೂ ಎಣ್ಣೆ ಗಿರಣಿಗಳನ್ನೂ ನಂಬಿದ ಚಳ್ಳಕೆರೆಗೆ ಇದಕ್ಕಿಂತ ಹತ್ತಿರದ ಎಚ್ಚರಿಕೆ ಬೇಕಾಗಿಲ್ಲ.

ಹೊಲದೊಳಗಿನ ಕಳೆಯನ್ನು ಎಲ್ಲರೂ ತೆಗೆಸುತ್ತಾರೆ. ಉಳಿಯುವುದು ಬದು, ಬಂಡಿದಾರಿ, ಗೋಮಾಳ, ಕೆರೆಯ ಅಂಗಳ, ಶಾಲೆಯ ಹಿಂಬದಿ. ಅಲ್ಲಿನದು ಯಾರದೂ ಅಲ್ಲ. ಪರಾಗಕ್ಕೆ ಮಾತ್ರ ಸರ್ವೇ ಕಲ್ಲಿನ ಲೆಕ್ಕವಿಲ್ಲ. ಬಿತ್ತನೆಯ ಕಾಲದಲ್ಲಿ ಆಳು ಸಿಕ್ಕದು, ಕೂಲಿ ಹೆಚ್ಚು ಎಂಬ ಮಾತು ನ್ಯಾಯವಾದುದೇ. ಹಾಗಿದ್ದರೂ ನೂರು ಎಕರೆಯ ಹಿಡುವಳಿದಾರನು ತನ್ನ ಬದುವನ್ನು ಬಿಟ್ಟುಬಿಟ್ಟರೆ ಎರಡೆಕರೆಯವನು ಕಿತ್ತದ್ದು ನೀರಿನಲ್ಲಿ ಹೋಮ ಮಾಡಿದಂತೆ. ಆದ್ದರಿಂದ ಈ ಕೆಲಸಕ್ಕೆ ಮೊದಲು ಕೈಹಾಕಬೇಕಾದವರು ಗ್ರಾಮದ ಮುಖಂಡರೂ ದೊಡ್ಡ ಹಿಡುವಳಿದಾರರೂ. ಇಲಾಖೆಯು ಸಹ ಹೊಸ ಕೀಟಗಳ ವಿಷಯವನ್ನು ಹೇಳುವಷ್ಟೇ ಉತ್ಸಾಹದಿಂದ ಈ ಹಳೆಯ ಕೆಲಸವನ್ನು ಹೇಳಿದ್ದರೆ ಚೆನ್ನಾಗಿರುತ್ತಿತ್ತು.

ಮೊದಲ ಹದಮಳೆಯಾಗಿ ಮೂರು ವಾರದೊಳಗೆ, ಹೂ ಕಾಣುವುದಕ್ಕೆ ಮುಂಚೆ, ನೆಲವು ಹಸಿಯಾಗಿರುವಾಗ ಬೇರುಸಹಿತ ಕೀಳಿಸುವುದು ಉತ್ತಮ. ಕೀಳುವವರು ಕೈಗೆ ಚೀಲವನ್ನಾದರೂ ಸುತ್ತಿಕೊಳ್ಳತಕ್ಕದ್ದು. ಶೇಂಗಾ ಹೊಲದ ಸುತ್ತ ನಾಲ್ಕಾರು ಸಾಲು ಜೋಳವನ್ನೋ ಸಜ್ಜೆಯನ್ನೋ ಒತ್ತಾಗಿ ಬಿತ್ತಿದರೆ ಗಾಳಿಯಲ್ಲಿ ಬರುವ ನುಸಿಗೆ ಅದೇ ತಡೆ. ಹೂ ಬಿಡದ ಗಿಡವನ್ನು ಗೊಬ್ಬರದ ಗುಂಡಿಗೆ ಹಾಕಬಹುದು. ಬೀಜ ಕಟ್ಟಿದ್ದನ್ನು ತಿಪ್ಪೆಗೆ ಹಾಕಿದರೆ ಮರುವರ್ಷ ಗಾಡಿಗೊಬ್ಬರದ ಜೊತೆಯಲ್ಲಿ ಅದೇ ಹೊಲಕ್ಕೆ ಹಿಂದಿರುಗುವುದು.