ಅಜ್ಜನ ಮುಖ ಹಸಿರಾಗಿದ್ದು ಯಾಕೆ?

(1/5)
ಸ್ವೈಪ್ ಮಾಡೋಕೆ ಮುಂಚೆ ಓದಿ. ಮೊದಲನೇ ಫೋಟೊ ನಮ್ಮಜ್ಜಂದು. ಹೊಸನಗರ ಕಡೆಯ ಹಳೇ ಮನೆ ಜಗಲಿ ಮೇಲೆ ಕೂತಿದ್ದಾರೆ. ಆ ಮನೆ ಈಗಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ್ಮೇಲೆ ಶರಾವತಿ ಹಿನ್ನೀರಿನ ಅಡಿಗೆ ಹೋಯ್ತು. ಮೂಲ ಫೋಟೊಗೆ ಬೂಷ್ಟು ಹಿಡಿದಿತ್ತು ಅಂತ ಪೇಟೆಯ ಒಂದು ಅಂಗಡಿಯಲ್ಲಿ ಸ್ಕ್ಯಾನ್ ಮಾಡಿಸಿ, ಬ್ಲ್ಯಾಕ್ ಆಂಡ್ ವೈಟ್ ಪ್ರಿಂಟ್ ಹಾಕಿಸಿ, ಫ್ರೇಮ್ ಕಟ್ಟಿಸಿದ್ವಿ. ಹಳೇದನ್ನ ಎಸೆದ್ವಿ. ಮೂರೇ ಮಳೆಗಾಲ. ಅಜ್ಜಿ ಕೇಳಿದ್ರು: "ಇವರ ಮುಖ ಯಾಕೆ ಹಸಿರಾಯ್ತು?" ಸ್ಕ್ಯಾನ್ ಫೈಲ್ ಅಂಗಡಿಯಲ್ಲೂ ಉಳಿದಿರಲಿಲ್ಲ.

(2/5)
ಕಾರಣ ಹೇಳ್ತೀನಿ. ಅದು ಕಪ್ಪು ಇಂಕೇ ಅಲ್ಲ! ಎಷ್ಟೋ ಪ್ರಿಂಟರ್‌ಗಳು ಫೋಟೊ ಪೇಪರ್ ಹಾಕಿದಾಗ ಸಯಾನ್, ಮೆಜೆಂಟಾ, ಹಳದಿ ಬೆರೆಸಿ ಬೂದು ಬಣ್ಣ ಮಾಡ್ತವೆ. ಅಗ್ಗದ ಇಂಕು ಡೈ, ಅಂದ್ರೆ ನೀರಲ್ಲಿ ಕರಗಿರೋ ಬಣ್ಣ. ಬಿಸಿಲು, ಗಾಳಿಯಲ್ಲಿರೋ ಓಝೋನ್, ತೇವ ಮೂರೂ ಅದಕ್ಕೆ ಶತ್ರು. ಮೂರು ಬಣ್ಣ ಒಂದೇ ವೇಗದಲ್ಲಿ ಮಾಸಲ್ಲ. ಮೆಜೆಂಟಾ ಮೊದಲು ಹೋದ್ರೆ ಉಳಿಯೋದು ಹಸಿರು. ಆಗುಂಬೆಯಂಥ ಊರಿರೋ ತೀರ್ಥಹಳ್ಳಿ ತಾಲ್ಲೂಕಲ್ಲಿ, ಗೋಡೆಯೇ ಬೆವರೋ ಮನೆಗಳಲ್ಲಿ, ಇಂಥ ಪ್ರಿಂಟ್ ತೂಗುಹಾಕೋದು ಉಪ್ಪಿನ ಮೂಟೆ ಅಂಗಳದಲ್ಲಿ ಇಟ್ಟಂಗೆ.

(3/5)
ಇದಕ್ಕೆ ಮದ್ದು ಕಾರ್ಬನ್ ಪಿಗ್ಮೆಂಟ್. ಹೆಸರು ಕೇಳಿ ಹೆದರಬೇಡಿ, ಅದು ಮಸಿ. ನಮ್ಮ ಭಾಷೇಲಿ ದೀಪದ ಕಪ್ಪಿಗೂ ಬರೆಯೋ ಇಂಕಿಗೂ ಒಂದೇ ಪದ, ನೋಡಿ. ಸಾಗರದ ಪಕ್ಕದ ಕೆಳದಿ ಮ್ಯೂಸಿಯಂಗೆ ಹೋಗಿ, ತಾಳೆಗರಿ ನೋಡಿ. ತಾಳೆಗರಿ ಮೇಲೆ ಕಂಠದಿಂದ ಕೊರೆದು, ಗೆರೆ ಒಳಗೆ ಮಸಿ ತಿಕ್ಕೋದು ಹಳೇ ಪದ್ಧತಿ. ಗರಿಗೆ ಹುಳ ಬೀಳಬಹುದು, ಮಸಿ ಮಾತ್ರ ಮಾಸಲ್ಲ. ಯಾಕಂದ್ರೆ ಕಾರ್ಬನ್ನನ್ನ ಬೆಳಕು ಒಡೆಯೋಕಾಗಲ್ಲ. ಅದೇ ಕಣಗಳನ್ನ ತೀರಾ ಸಣ್ಣಗೆ ಅರೆದು, ಕಡುಕಪ್ಪಿನಿಂದ ತಿಳಿಬೂದಿನವರೆಗೆ ಬೇರೆ ಬೇರೆ ಬಾಟಲಿಯಲ್ಲಿ ಕೊಡೋ ಇಂಕ್ ಸೆಟ್‌ಗಳಿವೆ.

(4/5)
"ದುಬಾರಿ ಮಾರಾಯಾ" ಅಂತೀರಿ. ನಾನು ಬಿಕಾಂ, ಲೆಕ್ಕ ಹಾಕೋಣ. ಪ್ರಿಂಟಿಗೆ 60 ರೂಪಾಯಿ, ಬಾಳಿಕೆ 3 ವರ್ಷ ಅಂದ್ಕೊಳ್ಳಿ: ವರ್ಷಕ್ಕೆ 20 ರೂಪಾಯಿ ಸವಕಳಿ. 300 ರೂಪಾಯಿ ಕೊಟ್ಟಿದ್ದು 30 ವರ್ಷ ಬಂದ್ರೆ ವರ್ಷಕ್ಕೆ 10. ಯಾವುದು ದುಬಾರಿ? ಮುಳುಗಿದ ಮನೆಯ ಫೋಟೊನ ಯಾವ ಕಾಲಮ್ಮಲ್ಲಿ ಬರೀತೀರಿ?

ತೊಂದರೆ ಇಲ್ಲ ಅಂತಲ್ಲ. ಪಿಗ್ಮೆಂಟ್ ತಳ ಕಟ್ಟುತ್ತೆ, ವಾರಗಟ್ಟಲೆ ಪ್ರಿಂಟ್ ಮಾಡದಿದ್ರೆ ಹೆಡ್ ಕಟ್ಟಿಕೊಳ್ಳುತ್ತೆ. ಬರೀ ಕಾರ್ಬನ್ ಸ್ವಲ್ಪ ಕಂದು ಹೊಡೆಯುತ್ತೆ. ಅದನ್ನ ತಟಸ್ಥ ಮಾಡೋಕೆ ಬಣ್ಣದ ಪಿಗ್ಮೆಂಟ್ ಬೆರೆಸಿದಷ್ಟೂ ಬಾಳಿಕೆ ಕಮ್ಮಿ. ನನ್ನ ಕೇಳಿದ್ರೆ ಕಂದೇ ಇರಲಿ, ಹಳೇ ಫೋಟೊಗೆ ಚೆಂದ. ಬೂಷ್ಟನ್ನಂತೂ ಯಾವ ಇಂಕೂ ತಡೆಯಲ್ಲ, ಫ್ರೇಮ್ ಗೋಡೆಗೆ ಅಂಟದಂಗೆ ನೋಡ್ಕೊಳ್ಳಿ.

(5/5)
ಅಂಗಡಿಯಲ್ಲಿ ಮೂರು ಪ್ರಶ್ನೆ ಕೇಳಿ. ಡೈಯೋ ಪಿಗ್ಮೆಂಟೋ? ಬೂದು ಬಣ್ಣ ಬರೋದು ಕಪ್ಪಿಂದಲೋ, ಕಲರ್ ಮಿಕ್ಸಿಂದಲೋ? ಮ್ಯಾಟ್ ಪೇಪರ್ ಇದೆಯಾ? ಅನುಮಾನ ಬಂದ್ರೆ ಸಾದಾ ಹಾಳೆ ಮೇಲೆ ಪ್ರಿಂಟ್ ತೆಗೆಸಿ, ಒಣಗಿದ್ಮೇಲೆ ಒಂದು ಹನಿ ನೀರು ಬಿಡಿ. ಹರಡಿದ್ರೆ ಡೈ. ಮನೇಲಿ ಪ್ರಯೋಗ ಮಾಡೋರು ಡ್ರಾಯಿಂಗ್‌ನ ಇಂಡಿಯನ್ ಇಂಕ್ ಮಾತ್ರ ಟ್ಯಾಂಕಿಗೆ ಸುರೀಬೇಡಿ. ಅದರಲ್ಲಿರೋ ಅರಗು ಹೆಡ್ಡನ್ನೇ ಕೊಲ್ಲುತ್ತೆ.

ಇನ್ನೊಂದು: ಹೊಸ ಪ್ರಿಂಟ್ ಬಂತು ಅಂತ ಹಳೇದನ್ನ ಎಸೀಬೇಡಿ. ನಾವು ಎಸೆದ್ವಿ.

ನಿಮ್ಮನೆ ಗೋಡೆ ಮೇಲೆ ಯಾರ ಮುಖ ಹಸಿರಾಗ್ತಿದೆ? ಇವತ್ತೇ ಇಳಿಸಿ ನೋಡಿ, ಕಾಮೆಂಟಲ್ಲಿ ಹೇಳಿ.

#ಮಸಿ #ಮುಳುಗಡೆ #ಸಾಗರ #ಹೊಸನಗರ #ತೀರ್ಥಹಳ್ಳಿ