ದೇವಿಗೆ ಮರಳುವ ಬಳೆ

ಮಾರ್ಗಶಿರದ ಹುಣ್ಣಿಮೆಗೆ ನಮ್ಮ ಕಡೆ ರಂಡಿ ಹುಣ್ಣಿಮೆ ಅಂತಾರೆ. ಗಂಡ ಜಮದಗ್ನಿ ಸತ್ತನೆಂದು ಸವದತ್ತಿಯ ಯಲ್ಲಮ್ಮ ಬಳೆ ಕಳಕೊಳ್ಳುವ ದಿನ ಅದು. ಎರಡು ತಿಂಗಳಿಗೆ ಭಾರತ ಹುಣ್ಣಿಮೆ ಬರುತ್ತದೆ, ದೇವಿ ಮತ್ತೆ ಮುತ್ತೈದೆ ಆಗುತ್ತಾಳೆ. ಗಂಡನ ಹೆಣದ ಮುಂದೆ ಬಳೆ ಒಡೆಸಿಕೊಂಡ ನಮ್ಮೂರ ಹೆಣ್ಣಿಗೆ ಮಾತ್ರ ಆ ಎರಡನೇ ಹುಣ್ಣಿಮೆ ಬರುವುದೇ ಇಲ್ಲ.

ಅದು ಬರಲಿ ಎಂದು ಹಟ ಹಿಡಿದವರು ನಮ್ಮದೇ ಸೊಲ್ಲಾಪುರ ಜಿಲ್ಲೆಯ ಕರಮಾಳಾದವರು. ಮಹಾತ್ಮಾ ಫುಲೆ ಸಮಾಜ ಸೇವಾ ಮಂಡಳದ ಪ್ರಮೋದ ಝಿಂಜಾಡೆ ಅವರ ಸಹೋದ್ಯೋಗಿಯೊಬ್ಬರು ಕೊರೊನಾದ ಮೊದಲ ಅಲೆಯಲ್ಲಿ ತೀರಿಕೊಂಡರು. ಆ ಮನೆಯಾಕೆಯ ಕುಂಕುಮ ಅಳಿಸಿ, ಬಳೆ ಒಡೆದದ್ದನ್ನು ಝಿಂಜಾಡೆ ಕಣ್ಣಾರೆ ಕಂಡರು. ತಾನು ಸತ್ತ ಮೇಲೆ ತನ್ನ ಹೆಂಡತಿಗೆ ಇದನ್ನು ಮಾಡಕೂಡದು ಎಂದು ಸ್ಟಾಂಪ್ ಪೇಪರ್ ಮೇಲೆ ಬರೆದಿಟ್ಟರು. ಅವರ ಮಾತಿಗೆ ಕಿವಿಗೊಟ್ಟು, ಶಾಹು ಮಹಾರಾಜರ ಪುಣ್ಯತಿಥಿಯ ನೂರನೇ ವರ್ಷದಲ್ಲಿ, 2022ರ ಮೇ 4ರಂದು ಕೊಲ್ಲಾಪುರ ಜಿಲ್ಲೆಯ ಶಿರೋಳ ತಾಲೂಕಿನ ಹೇರವಾಡ ಗ್ರಾಮಸಭೆ ಠರಾವು ಮಾಡಿತು: ಈ ಊರಲ್ಲಿ ಇನ್ನು ಯಾರ ತಾಳಿ ಹರಿಯುವುದಿಲ್ಲ, ಬಳೆ ಒಡೆಯುವುದಿಲ್ಲ, ಕಾಲುಂಗುರ ತೆಗೆಯುವುದಿಲ್ಲ. ಹೇರವಾಡದಂತೆ ನಡೆಯಿರಿ ಎಂದು ಅದೇ ತಿಂಗಳು ಮಹಾರಾಷ್ಟ್ರ ಸರಕಾರವೂ ಎಲ್ಲ ಗ್ರಾಮ ಪಂಚಾಯತಿಗಳಿಗೆ ಸುತ್ತೋಲೆ ಕಳಿಸಿತು.

ಆದರೆ ಠರಾವಿಗೆ ಶಿಕ್ಷೆಯ ಬಲ ಇಲ್ಲ. ಸುತ್ತೋಲೆ ಕಾಯ್ದೆ ಅಲ್ಲ.

ಹಿಂದಿನ ಕಾಯ್ದೆಗಳನ್ನು ನೋಡಿದರೆ ಒಂದು ಮಾತು ಎದ್ದು ಕಾಣುತ್ತದೆ. 1856ರದು ವಿಧವೆಗೆ ಮದುವೆಯ ಹಕ್ಕು ಕೊಟ್ಟಿತು, ಆದರೆ ಮದುವೆಯಾದರೆ ಮೊದಲ ಗಂಡನ ಆಸ್ತಿ ಬಿಡಬೇಕು ಎಂದಿತು. ನಮ್ಮ ಒಕ್ಕಲು ಮನೆಗಳಲ್ಲಿ ಉಡಿಕಿ ಎಂಬ ಮರುಮದುವೆ ಅದಕ್ಕೂ ಮೊದಲೇ ಇತ್ತು. ಉಡಿಕಿಯಾದವಳನ್ನು ಮಂಗಲಕಾರ್ಯಕ್ಕೆ ಕರೆಯದಿರುವುದೂ ಜೊತೆಗೇ ಇತ್ತು. 1956ರ ವಾರಸಾ ಕಾಯ್ದೆ ಆಸ್ತಿಯನ್ನು ಪೂರ್ತಿ ಅವಳದೇ ಮಾಡಿತು. 2013ರಲ್ಲಿ ಅಂಧಶ್ರದ್ಧೆಯ ವಿರುದ್ಧ ಹೋರಾಡಿದ ನರೇಂದ್ರ ದಾಭೋಲ್ಕರರ ಕೊಲೆಯ ಬೆನ್ನಿಗೆ ಬಂದ ಮಹಾರಾಷ್ಟ್ರದ ಅಘೋರಿ ಆಚರಣೆಗಳ ವಿರುದ್ಧದ ಕಾಯ್ದೆ ನರಬಲಿಯನ್ನು ಹಿಡಿಯಿತು. ಮದುವೆ, ಹೊಲ, ಬಲಿ ಎಲ್ಲವೂ ಕಾಗದಕ್ಕೆ ಬಂದವು, ಬಳೆ ಬರಲಿಲ್ಲ. ಅದು ಮನೆಯೊಳಗಿನ ಹೆಂಗಸರ ಸಂಗತಿ ಎಂದು ಬಿಟ್ಟದ್ದೇ ದೊಡ್ಡ ತಪ್ಪು ಎಂದು ನಾವು ತಿಳಿಯುತ್ತೇವೆ. ಹಕ್ಕಿನ ಹೊಲವೂ ಕೈಬಿಡುವುದು ಅಲ್ಲಿಂದಲೇ. ಹಣೆ ಬರಿದಾದವಳು ತಿಂಗಳುಗಟ್ಟಲೆ ಮೂಲೆ ಹಿಡಿದು ಕೂತರೆ, ತಲಾಠಿಯ ಹತ್ತಿರ ಹೋಗಿ ಹೊಲದ ಸಾತಬಾರಾ ಉತಾರಾದಲ್ಲಿ ತನ್ನ ಹೆಸರು ಏರಿತೇ ಎಂದು ಕೇಳುವವರು ಯಾರು?

ಬಳೆ ಒಡೆಯುವುದನ್ನು ತಡೆಯುವ ಕಾಯ್ದೆ ಬಂದರೂ ಅಂಥ ಹೊತ್ತಿನಲ್ಲಿ ಯಾವ ಹೆಣ್ಣು ಪೊಲೀಸ್ ಠಾಣೆಯ ಮೆಟ್ಟಿಲು ಹತ್ತುತ್ತಾಳೆ ಎಂದು ಕೇಳುವವರಿದ್ದಾರೆ. ಹತ್ತಲಿಕ್ಕಿಲ್ಲ. ಆದರೆ ಆ ಮನೆಯಲ್ಲಿ ಬೇಡ ಅನ್ನುವ ಮನಸ್ಸಿನ ಮಗಳೋ ತಮ್ಮನೋ ಒಬ್ಬರಾದರೂ ಇರುತ್ತಾರೆ. ಹಿರಿಯರ ಮುಂದೆ ಬಾಯಿ ಬಾರದೆ ನಿಂತಿರುತ್ತಾರೆ. ‘ಕಾಯ್ದೆ ಐತಿ, ಬಳಿ ಮುಟ್ಟಬ್ಯಾಡ್ರಿ’ ಅನ್ನಲು ಅವರಿಗೊಂದು ಮಾತು ಸಿಗುತ್ತದೆ. ಕಾಯ್ದೆ ಬೇಕಾಗಿರುವುದು ಅದಕ್ಕೆ.

1890ರಲ್ಲಿ ಮುಂಬಯಿಯ ಕ್ಷೌರಿಕರು ವಿಧವೆಯರ ತಲೆ ಬೋಳಿಸುವುದಿಲ್ಲ ಎಂದು ಕತ್ತಿ ಕೆಳಗಿಟ್ಟಿದ್ದರು. ಫುಲೆಯವರ ಜೊತೆಗಾರ ನಾರಾಯಣ ಮೇಘಾಜಿ ಲೋಖಂಡೆ ಅವರನ್ನು ಒಗ್ಗೂಡಿಸಿದ್ದರು. ಕೆಲಸ ಮಾಡುವ ಕೈಗಳೇ ನಿಂತುಬಿಟ್ಟವು. ಬಳೆ ಒಡೆಯುವ ಕೈಗಳು ಅಷ್ಟು ಸುಲಭಕ್ಕೆ ಸಿಕ್ಕುವುದಿಲ್ಲ, ಅವು ನಮ್ಮ ಅತ್ತೆ, ಅಜ್ಜಿ, ನೆಗೆಣ್ಣಿಯರವು.

ಅವರಿಗೆ ಸುತ್ತೋಲೆ ಮುಟ್ಟಬೇಕಾದರೆ ಅದು ಅವರ ಮಾತಿನಲ್ಲಿರಬೇಕು. ಸರಕಾರ ಬರೆದದ್ದು ಮರಾಠಿಯಲ್ಲಿ. ಕರಜಗಿಯೂ ಸೇರಿ ಅಕ್ಕಲಕೋಟೆ ತಾಲೂಕಿನ ಎಷ್ಟೋ ಹಳ್ಳಿಗಳ ಅಳು ಕನ್ನಡದಲ್ಲಿ. ಠರಾವು ಕನ್ನಡದಲ್ಲೂ ಓದಿಸಿರಿ ಎಂದು ಗ್ರಾಮಸಭೆಯಲ್ಲಿ ಕೇಳುವುದಕ್ಕೆ ಖರ್ಚೇನೂ ಇಲ್ಲ. ಸಂಕ್ರಾಂತಿಯ ಅರಿಶಿನ ಕುಂಕುಮಕ್ಕೆ ಗಂಡ ಸತ್ತವರನ್ನೂ ಕರೆದು ಉಡಿ ತುಂಬಬಹುದು. ಬಳೆ ಒಡೆಯಲು ಮುಂದೆ ಬರುವ ಹಿರಿಯರಲ್ಲಿ ಬಹಳ ಮಂದಿ ಹಿಂದೊಂದು ದಿನ ತಾವೂ ಕೈ ಬರಿದು ಮಾಡಿಸಿಕೊಂಡವರು. ಆ ದಿನ ಏನನ್ನಿಸಿತ್ತು ಎಂದು ಅವರನ್ನು ಯಾರೂ ಕೇಳಿಲ್ಲ. ಮುಂದಿನ ಗ್ರಾಮಸಭೆಯಲ್ಲಿ ಮೊದಲು ಅವರನ್ನು ಮಾತಾಡಿಸಬೇಕು.