ಓಟು ನಮಗೆ ಕಡ್ಡಾಯ, ಚುನಾವಣೆ ಅವರಿಗೆ?



2015ರಲ್ಲಿ ನಮ್ಮ ಶಾಸನಸಭೆ ಪಂಚಾಯತ್ ರಾಜ್ ಕಾಯ್ದೆಗೆ ತಿದ್ದುಪಡಿ ತಂದು, ಪಂಚಾಯ್ತಿ ಚುನಾವಣೆಯಲ್ಲಿ ಮತದಾನ ಕಡ್ಡಾಯ ಎಂದಿತು. ಹುಂಚದ ಅಡಿಕೆ ತೋಟಗಳಲ್ಲಿ ಕೂಲಿ ಮಾಡುವ ನಮ್ಮ ಅವ್ವಂದಿರಿಗೆ ಈ ಪಾಠ ಬೇಕಿತ್ತೆ? ಅರ್ಧ ದಿನದ ಕೂಲಿ ಬಿಟ್ಟು ಸಾಲಲ್ಲಿ ನಿಂತವರು ಅವರು. ತಪ್ಪಿಸಿಕೊಂಡವರು ಯಾರು ನೋಡಿ.

2016ರ ಫೆಬ್ರವರಿಯಲ್ಲಿ ಜಿಲ್ಲಾ, ತಾಲ್ಲೂಕು ಪಂಚಾಯ್ತಿಗಳಿಗೆ ಚುನಾವಣೆ ಆಯ್ತು. 2021ರಲ್ಲಿ ಅವಧಿ ಮುಗೀತು. ಮುಗಿಯುವ ಮೊದಲೇ ಹೊಸ ಚುನಾವಣೆ ನಡೆದಿರಬೇಕು ಅನ್ನುತ್ತದೆ ಸಂವಿಧಾನದ 243-ಇ ವಿಧಿ. ಸರ್ಕಾರ ಮಾಡಿದ್ದೇನು? ಅದೇ ವರ್ಷ ಇನ್ನೊಂದು ತಿದ್ದುಪಡಿ! ಕ್ಷೇತ್ರ ವಿಂಗಡಿಸುವ ಅಧಿಕಾರವನ್ನು ರಾಜ್ಯ ಚುನಾವಣಾ ಆಯೋಗದ ಕೈಯಿಂದ ಕಿತ್ತು, ತಾನೇ ನೇಮಿಸುವ ಸೀಮಾ ನಿರ್ಣಯ ಆಯೋಗಕ್ಕೆ ಕೊಟ್ಟಿತು. 2023ರಲ್ಲಿ ಬಿಜೆಪಿ ಹೋಗಿ ಕಾಂಗ್ರೆಸ್ ಬಂತು. 2025 ಮುಗಿದರೂ ಚುನಾವಣೆ ಬರಲಿಲ್ಲ. ಇದರಲ್ಲಿ ಮಾತ್ರ ಇಬ್ಬರೂ ಅಣ್ಣತಮ್ಮಂದಿರು.

ಹೊಸನಗರದ ತಾಲ್ಲೂಕು ಪಂಚಾಯ್ತಿಯಲ್ಲಿ ಒಂದು ಮೀಸಲು ಸೀಟು ಅಂದರೆ ಬರೀ ಕುರ್ಚಿ ಅಲ್ಲ. ಹಾಸ್ಟೆಲಿನ ಅನ್ನದಲ್ಲಿ ಹುಳ ಬಂದರೆ, ಕೇರಿಗೆ ನೀರು ಬರದಿದ್ದರೆ, ತುಂಬಿದ ಸಭೆಯಲ್ಲಿ ಎದ್ದು ‘ಯಾಕ್ರೀ?’ ಅಂತ ಕೇಳೋಕೆ ನಮ್ಮವರೊಬ್ಬರು. ಆ ಜಾಗಕ್ಕೆ ಸರ್ಕಾರ ಆಡಳಿತಾಧಿಕಾರಿಯನ್ನು ಕೂರಿಸಿತು. ಅವರು ಒಳ್ಳೆಯವರೇ ಇರಬಹುದು. ಆದರೆ ನಾವು ಆರಿಸಿದವರಲ್ಲ, ನಾವು ಇಳಿಸೋಕೂ ಆಗದವರು.

2016ರಲ್ಲಿ ಎಂಟನೇ ಕ್ಲಾಸಿನಲ್ಲಿದ್ದ ನಮ್ಮ ಹುಡುಗ ಹುಡುಗಿಯರು 2025ರ ಹೊತ್ತಿಗೆ ಡಿಗ್ರಿ ಮುಗಿಸಿದರು, ಜಿಲ್ಲಾ ಪಂಚಾಯ್ತಿಗೆ ಒಂದೇ ಒಂದು ಓಟು ಹಾಕದೆ.